ಹಿಂದಿನವಳ ದನಿ

“ಬೇರೆ ಯಾರೂ ಸಿಗಲಿಲ್ವಾ?”

ಎರಡು ವರ್ಷಗಳ ನಂತರ ಅವನನ್ನು ಕಂಡಾಗ ಅವಳ ಬಾಯಿಂದ ಬಂದದ್ದು ಇಷ್ಟೇ.

ಕಾವಲು ಕೋಣೆಯ ಮುಂದೆ ಅವನು ಉದ್ದನೆಯ ಕೋಲು ಹಿಡಿದು ನಿಂತಿದ್ದ. ಜೌಗು ಪ್ರದೇಶದ ಕಾಲುದಾರಿಗೆ ಅವನು ಕಾವಲುಗಾರ. ನೀಳ ಕಾಲುಗಳಿಂದಾಗಿ ಎಲ್ಲರ ಬಾಯಲ್ಲೂ ಕೊಕ್ಕರೆ. ಅವಳು ಹಕ್ಕಿಗಳ ಗಣತಿಗೆ ಬಂದವಳು. ಒಂದು ಕಾಲಕ್ಕೆ ಅವನನ್ನೇ ಮದುವೆಯಾಗಬೇಕಿದ್ದವಳು.

“ಇನ್ನೊಬ್ಬನಿಗೆ ಜ್ವರ. ನನ್ನ ಜೊತೆ ಬೇಡ ಅಂದ್ರೆ ವಾಪಸ್ ಹೋಗು.”

ಒಳಗಿನಿಂದ ಹಿರಿಯ ಕಾವಲುಗಾರ ಕೂಗಿದ: “ಹೋಗಮ್ಮ, ಕೊಕ್ಕರೆ ಮೀನು ತಿನ್ನುತ್ತೆ, ಮನುಷ್ಯರನ್ನಲ್ಲ.”

ಇಬ್ಬರೂ ನಗದೆ ಹೊರಟರು, ಅವನು ಮುಂದೆ, ಅವಳು ಹಿಂದೆ.

ಹುಲ್ಲು ಮುಗಿದು ನೀರು ಶುರುವಾಯಿತು. ಮುಳುಗಿದ ದಾರಿಯಲ್ಲಿ ನಡೆಯಲು ಅಲ್ಲೊಂದು ಪದ್ಧತಿಯಿದೆ. ಮುಂದಿನವರು ಕೋಲಿನಿಂದ ಆಳ ನೋಡಿ ಕೂಗಿ ಹೇಳಬೇಕು. ಹಿಂದಿನವರು ಅದನ್ನೇ ತಿರುಗಿ ಹೇಳಬೇಕು. ನೀರಿನಡಿಯ ಏರಿ ಎಷ್ಟು ಕಿರಿದೆಂದರೆ, ಹಿಂದೆ ತಿರುಗಿದರೆ ಕಾಲು ಜಾರುತ್ತದೆ. ಹಿಂದಿನವರ ದನಿ ನಿಂತರೆ ಮುಂದಿನವರು ನಿಲ್ಲಲೇಬೇಕು.

“ಮೊಣಕಾಲು.”

“ಮೊಣಕಾಲು.”

ಎರಡು ವರ್ಷಗಳ ಹಿಂದಿನ ಆ ದಿನ ಅವಳಿಗೆ ನೆನಪಾಯಿತು. ಅಂದೂ ಇದೇ ನೀರು...

ಅಂದು ಬೆಳಿಗ್ಗೆ ಅವನ ಅಮ್ಮ, “ಮದುವೆ ಆದ್ಮೇಲೆ ಈ ಕೆಸರಿನ ಕೆಲಸ ಬಿಡಬೇಕು” ಎಂದಿದ್ದರು. ಅವನು ತಲೆ ತಗ್ಗಿಸಿ ಕುಳಿತಿದ್ದ, ತುಟಿ ಬಿಚ್ಚಿರಲಿಲ್ಲ. ಆ ಉರಿ ಹೊತ್ತೇ ಅವಳು ಅವನ ಹಿಂದೆ ನೀರಿಗಿಳಿದಿದ್ದಳು. ಅರ್ಧ ದಾರಿಯಲ್ಲಿ ಕಾಲಡಿಯ ಏರಿ ಕುಸಿಯಿತು. ಬಾಯ್ತುಂಬ ಕೆಸರು. ಕೂಗಲು ಉಸಿರಿರಲಿಲ್ಲ. ಅವನ ಬೆನ್ನು ಮಾತ್ರ ದೂರ ಹೋಗುತ್ತಲೇ ಇತ್ತು. ದೋಣಿಯಲ್ಲಿದ್ದ ಮೀನುಗಾರರು ಅವಳನ್ನು ಮೇಲೆಳೆದಿದ್ದರು. ಆಸ್ಪತ್ರೆಗೆ ಓಡಿ ಬಂದವನನ್ನು ಅವಳು ಒಳಗೆ ಬಿಟ್ಟಿರಲಿಲ್ಲ.

“ತೊಡೆ,” ಎಂದ ಅವನು.

ಅವಳು ಮಾತಾಡಲಿಲ್ಲ. ಅವನು ತಕ್ಷಣ ನಿಂತ.

“ಅವತ್ತು ಯಾಕೆ ನಿಲ್ಲಲಿಲ್ಲ?”

ಅವನು ಹಿಂದೆ ತಿರುಗದೆಯೇ ಹೇಳಿದ:

“ಮುನಿಸ್ಕೊಂಡಿದ್ದೀಯ ಅಂದ್ಕೊಂಡೆ.”

“ಏನು?”

“ಸಿಟ್ಟು ಬಂದ್ರೆ ನೀನು ದಿನಗಟ್ಟಲೆ ಮಾತು ಬಿಡ್ತಿದ್ದೆ. ಕರೆದರೂ ಓ ಅಂತಿರಲಿಲ್ಲ. ಅವತ್ತೂ ಹಾಗೇ ಅಂತ... ನನಗೂ ಸಿಟ್ಟಿತ್ತು. ಮಾತಾಡದಿದ್ರೆ ಅಷ್ಟೇ ಹೋಯ್ತು ಅಂತ ನಡೆದೆ.”

“ಗಾಳಿ ಸದ್ದಿಗೆ ನನ್ನ ದನಿ ನಿಂತದ್ದು ಗೊತ್ತಾಗಲಿಲ್ಲ ಅಂತಾದ್ರೂ ಸುಳ್ಳು ಹೇಳಬಹುದಿತ್ತು.”

“ಗಾಳಿ ಇರಲಿಲ್ಲ.”

ಕಟುಕ ಎಂದುಕೊಂಡು ಅವನನ್ನು ದ್ವೇಷಿಸುವುದು ಅವಳಿಗೆ ಸುಲಭವಾಗಿತ್ತು. ಇವನೋ ತನ್ನ ಹಾಗೆಯೇ ಹಟ ಹಿಡಿದ ಒಬ್ಬ ಮನುಷ್ಯ. ಆ ಮೌನವನ್ನು ಅವನಿಗೆ ಅಭ್ಯಾಸ ಮಾಡಿಸಿದ್ದು ತಾನೇ... ಈ ಸತ್ಯ ಕೆಸರಿಗಿಂತ ಕಹಿಯಾಗಿತ್ತು.

“ನಿಮ್ಮಮ್ಮನ ಮುಂದೆ ಬಾಯಿಗೆ ಬೀಗ ಹಾಕ್ಕೊಂಡಿದ್ದವನು ನೀನು.”

“ಆಮೇಲೆ ಅಮ್ಮನಿಗೆ ಹೇಳಿದೆ. ಅವಳು ಕೆಲಸ ಬಿಡೋದಿಲ್ಲ, ನಾನು ಬಿಡಿಸೋದೂ ಇಲ್ಲ ಅಂತ.”

“ಆಮೇಲೆ ಅಂದ್ರೆ?”

“ನೀನು ಊರು ಬಿಟ್ಟ ಮೇಲೆ.”

“ಬಸ್ಸು ಹೋದ ಮೇಲೆ ಕೈ ಅಡ್ಡ ಹಿಡಿದ ಹಾಗೆ.”

“ಹೌದು.”

ಆ ಒಪ್ಪಿಗೆ ಕೇಳಿ ಅವಳ ಕಣ್ಣು ತುಂಬಿ ಬಂತು. ಬಿಕ್ಕಿದ ಸದ್ದಿಗೆ ಅವನು ಪದ್ಧತಿ ಮರೆತು ಗಕ್ಕನೆ ಹಿಂದೆ ತಿರುಗಿದ. ಕಾಲು ಜಾರಿತು. ಎದೆಯ ತನಕ ನೀರಿನಲ್ಲಿ ನಿಂತು, ಕೋಲು ತೇಲಿ ಹೋಗುತ್ತಿದ್ದರೂ ಅವಳ ಮುಖವನ್ನೇ ನೋಡುತ್ತಿದ್ದ.

ಅವಳು ಬಾಗಿ ಕೈ ಚಾಚಿದಳು.

“ಕ್ಷಮಿಸಿದೆ ಅಂತ ಅಂದ್ಕೋಬೇಡ.”

“ಇಲ್ಲ.”

“ಸಿಟ್ಟು ಹಾಗೇ ಇದೆ.”

“ಇರಲಿ. ಒಳಗೆ ಇಟ್ಕೋಬೇಡ. ಬಾಯಿಬಿಟ್ಟು ಬೈಕೊಂಡು ಬಾ.”

“ದಾರಿ ಮುಗಿದ ಮೇಲೂ ಬೈಯೋದು ಉಳಿದ್ರೆ?”

ಅವನು ಅವಳ ಕೈ ಹಿಡಿದು ಏರಿ ಹತ್ತಿದ. ಹತ್ತಿದ ಮೇಲೂ ಬಿಡಲಿಲ್ಲ.

“ಮನೆಗೆ ಬಾ. ಅಮ್ಮನ ಎದುರಿಗೇ ಬೈ. ಈ ಸಲ ನಾನೂ ಮಾತಾಡ್ತೀನಿ.”