ಇಬ್ಬರು ಕ್ಲಾರಾ, ಒಂದೇ ಕಾರ್ಡು

ಹಿರಿಯಡ್ಕದ ತಿರುವಿನಲ್ಲಿ ಲಾರಿ ಎದುರಿಗೇ ಬಂತು!

ರಾಜದೂತ್ ಬೈಕನ್ನು ಮಣ್ಣಿಗೆ ಇಳಿಸಿದೆ. ಮೊಣಕಾಲು ತರಚಿತು. ಡ್ರೈವರ್ ಏನೋ ಬೈದ. ಬೈಯಲಿ... ಗಂಟೆ ಹತ್ತೂವರೆ. ಹನ್ನೊಂದಕ್ಕೆ ಕಾರ್ಕಳದಲ್ಲಿ ಒಬ್ಬಳಿಗೆ ಇಂಜೆಕ್ಷನ್. ಚುಚ್ಚಿದರೆ ಅವಳು ಸಾಯಬಹುದು.

ಯಾರ ಸಂಚು ಅಂತ ಕೇಳುತ್ತೀರಾ? ತಾಳಿ.

ನಾನು ಚೆನ್ನಪ್ಪ. ಪೊಲೀಸ್ ಕೆಲಸ ಬಿಟ್ಟವನು. ೧೯೮೩ರಲ್ಲಿ ಒಂದು ಆಸ್ಪತ್ರೆ ಸಂಘ ನನ್ನನ್ನು ಕರೆಯಿತು. ಉಡುಪಿ, ಕಾಪು, ಕಾರ್ಕಳದಲ್ಲಿ ಅವರ ಕ್ಲಿನಿಕ್. ಒಬ್ಬನೇ ರೋಗಿಗೆ ಮೂರು ಕಡೆ ಮೂರು ಕಾರ್ಡು. ಎಲ್ಲ ಸೇರಿಸಿ ಒಬ್ಬರಿಗೆ ಒಂದೇ ಮಾಸ್ಟರ್ ಕಾರ್ಡ್ ಮಾಡಬೇಕು, ಮೂರೂ ಕಡೆ ಅದರ ಪ್ರತಿ ಇಡಬೇಕು. ಮುಂದೆ ಮಣಿಪಾಲದಲ್ಲಿ ಕಂಪ್ಯೂಟರಿಗೆ ಹಾಕುತ್ತಾರಂತೆ. ಯಾವ ಕಾರ್ಡು ಯಾರದೆಂದು ಪತ್ತೆ ಹಚ್ಚುವುದು ನನ್ನ ಕೆಲಸ.

ರೆಕಾರ್ಡ್ ರೂಮಿನ ಬರ್ತಾ ಒಂದು ನಕ್ಷೆ ಬರೆದಿದ್ದಳು. ನಾಲ್ಕು ಚೌಕ, ನಡುವೆ ಗೆರೆಗಳು.

"ಮೊದಲು ಮನುಷ್ಯ, ಚೆನ್ನಪ್ಪಣ್ಣ. ಅವರಿಗೊಂದು ನಂಬರ್. ಹೆಸರು ಬೇರೆ ಚೌಕ, ವಿಳಾಸ ಬೇರೆ. ಮದುವೆಯಾದರೆ ಎರಡೂ ಬದಲಾಗ್ತದೆ ಅಲ್ವಾ? ಚಿಕಿತ್ಸೆ ಇನ್ನೊಂದು. ಅದನ್ನು ಯಾರು ಬರೆದದ್ದು, ಎಲ್ಲಿ ಬರೆದದ್ದು ಅಂತಲೂ ಬೇಕು. ಅನುಮಾನ ಇದ್ದರೆ ಸೇರಿಸುವುದು ಬೇಡ, ಮನೆಗೇ ಹೋಗಿ ಕೇಳಿ."

"ಎಂತ ಮಾರಾಯ್ತಿ! ಅದಕ್ಕೆಲ್ಲ ಟೈಮ್ ಎಲ್ಲಿ ಉಂಟು? ಹೆಸರು, ಅಪ್ಪನ ಹೆಸರು, ಊರು... ಮೂರೂ ಒಂದೇ ಆದರೆ ಮನುಷ್ಯನೂ ಒಬ್ಬನೇ!"

ಅವಳ ನಕ್ಷೆಯನ್ನು ಮಡಚಿ ಕಿಟಕಿಯ ಸಂದಿಗೆ ಸಿಕ್ಕಿಸಿದೆ, ಗಾಳಿಗೆ ಬಡಿಯದಂತೆ. ಆಫೀಸಿನವರೆಲ್ಲ ನಕ್ಕರು. ಹಳೇ ಕಾರ್ಡುಗಳನ್ನು ನಾನೇ ಹರಿದು ಹಾಕಿದೆ.

ಈ ಬೈಕ್ ಓಟದ ದಿನ ಬೆಳಿಗ್ಗೆ ಕಾಪುವಿನ ಟೀಚರ್ ಒಬ್ಬರು ಉಡುಪಿ ಆಫೀಸಿಗೆ ನುಗ್ಗಿದರು. ಹೆಸರು ಕ್ಲಾರಾ, ಶಿರ್ವದ ಪೀಟರ್ ಅವರ ಮಗಳು.

"ನನ್ನ ಕಾರ್ಡಿನಲ್ಲಿ ಗಂಡ ಎಲ್ಲಿಂದ ಬಂದ? ನನಗೆ ಮದುವೆಯೇ ಆಗಲಿಲ್ಲ!"

ಬರ್ತಾ ಓಡಿ ಹಳೇ ರಿಜಿಸ್ಟರ್ ತೆರೆದಳು. ಶಿರ್ವದಲ್ಲಿ ಇನ್ನೊಬ್ಬ ಪೀಟರ್ ಇದ್ದರು. ಅವರಿಗೂ ಕ್ಲಾರಾ ಎಂಬ ಮಗಳು. ಮದುವೆಯಾಗಿ ಕಾರ್ಕಳಕ್ಕೆ ಹೋದವಳು, ನಿನ್ನೆ ಜ್ವರದಿಂದ ಅಲ್ಲಿನ ಕ್ಲಿನಿಕ್ಕಿಗೆ ಸೇರಿದ್ದಳು. ಹನ್ನೊಂದಕ್ಕೆ ಪೆನಿಸಿಲಿನ್ ಇಂಜೆಕ್ಷನ್ ಎಂದು ಬೆಳಗಿನ ಬಸ್ಸಿನಲ್ಲಿ ಬಂದ ಕಾರ್ಕಳದ ಪಟ್ಟಿಯಲ್ಲಿತ್ತು.

"ಅವಳಿಗೆ ಪೆನಿಸಿಲಿನ್ ಆಗುವುದಿಲ್ಲ ಚೆನ್ನಪ್ಪಣ್ಣ! ಕೆಂಪು ಶಾಯಿಯಲ್ಲಿ ಬರೆದಿತ್ತು. ಆ ಕಾರ್ಡ್..."

ಆ ಕಾರ್ಡನ್ನು ನಾನು ಹರಿದಿದ್ದೆ. ಇತ್ತೀಚಿನದ್ದೇ ಸರಿ ಎಂದು ಹೊಸದರಲ್ಲಿ ನಾನು ಇಳಿಸಿದ್ದು ಟೀಚರ್ ಅವರ ವಿಷಯ: ಜನವರಿಯಲ್ಲಿ ಪೆನಿಸಿಲಿನ್ ಕೊಟ್ಟಿದೆ, ತೊಂದರೆ ಇಲ್ಲ.

ಕಾರ್ಕಳಕ್ಕೆ ಫೋನ್ ಮಾಡೋಣವೆಂದರೆ ಟ್ರಂಕ್ ಕಾಲ್ ಸಿಗಲಿಲ್ಲ. ಬೈಕ್ ಹತ್ತಿದೆ.

ಕಾರ್ಕಳ ತಲುಪಿದಾಗ ಹನ್ನೊಂದು ಕಳೆದು ಐದು ನಿಮಿಷ. ವಾರ್ಡಿಗೆ ಓಡಿದೆ.

"ನಿಲ್ಲಿಸಿ!"

ನಿಲ್ಲಿಸಲು ಏನೂ ಉಳಿದಿರಲಿಲ್ಲ. ಕ್ಲಾರಾಳ ತುಟಿ ನೀಲಿಯಾಗಿತ್ತು. ನರ್ಸ್ ಪ್ರೆಸಿಲ್ಲಾ ಜೀವ ಉಳಿಸುವ ಮದ್ದು ಚುಚ್ಚುತ್ತಿದ್ದಳು, ಡಾಕ್ಟರು ಆಕ್ಸಿಜನ್ ಹಿಡಿದಿದ್ದರು.

ಹತ್ತು ನಿಮಿಷ... ಇಪ್ಪತ್ತು...

ಅವಳು ಉಸಿರೆಳೆದಳು.

ಗಂಡ ಲಿಡ್ವಿನ್ ನನ್ನ ಕಾಲರ್ ಹಿಡಿದು ಗೋಡೆಗೆ ಒತ್ತಿದ.

"ಯಾರು ಮಾಡಿದ್ದು ಈ ಕಾರ್ಡ್? ಹೇಳು! ಅವರ ಕೈ ಮುರಿಯುತ್ತೇನೆ!"

ಚಾಕು ಹಿಡಿದವರ ಎದುರು ಬರಿಗೈಲಿ ನಿಂತವನು ನಾನು. ಆದರೂ ಬಾಯಿಂದ ಬಂದದ್ದು...

"ರೆಕಾರ್ಡ್ ರೂಮಿನ ಬರ್ತಾ."

ಸಂಜೆಯೊಳಗೆ ಬರ್ತಾಳ ಕೆಲಸ ಹೋಯಿತು. ಅವಳು ಜಗಳ ಮಾಡಲಿಲ್ಲ. ಬುತ್ತಿ ಡಬ್ಬಿ ಎತ್ತಿಕೊಂಡು ನನ್ನ ಎದುರು ನಿಂತಳು.

"ಕ್ಲಾರಾ ಬದುಕಿದ್ದಾಳಲ್ಲ?"

ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ!

ಮೂರು ದಿನ ಅನ್ನ ಸೇರಲಿಲ್ಲ. ಕನ್ನಡಿಯ ಮುಂದೆ ನಿಂತು ಗಡ್ಡ ಬೋಳಿಸುವುದಕ್ಕೂ ನಾಚಿಕೆ. ನಾಲ್ಕನೆಯ ದಿನ ಸಂಘದ ಸೆಕ್ರೆಟರಿಗೆ ಎಲ್ಲ ಹೇಳಿದೆ.

"ಈಗ ಎಂತಕ್ಕೆ ಮಾರಾಯ್ರೆ? ವಿಷಯ ಮುಗಿಯಿತಲ್ಲ. ಬಾಯಿ ಮುಚ್ಚಿದರೆ ನಿಮಗೇ ಒಳ್ಳೆಯದು."

"ಹಾಗಾದರೆ ಲಿಡ್ವಿನ್‌ಗೆ ನಾನೇ ಹೇಳುತ್ತೇನೆ."

ಹೇಳಿದೆ. ಅವನು ಕೈ ಮುರಿಯಲಿಲ್ಲ. ಮುಖಕ್ಕೆ ಉಗಿದ. ನಾನು ಒರೆಸಿಕೊಳ್ಳಲಿಲ್ಲ.

ಅವನಿಗೆ ನಿಜ ಗೊತ್ತಾದ ಮೇಲೆ ಸಂಘ ಬರ್ತಾಳನ್ನು ವಾಪಸ್ ಕರೆಯಲೇಬೇಕಾಯಿತು. ನಾನು ಕ್ಷಮೆ ಕೇಳಲು ಹೋದರೆ ಅವಳು ಒಂದು ಪಟ್ಟಿ ಮುಂದಿಟ್ಟಳು. ಎಂಟುನೂರು ಹೆಸರು.

"ಅನುಮಾನ ಇದ್ದರೂ ನೀವು ಸೇರಿಸಿದ ಕಾರ್ಡುಗಳು, ಚೆನ್ನಪ್ಪಣ್ಣ. ಮನೆ ಮನೆಗೆ ಹೋಗಿ ಕೇಳಿ. ಯಾಕೆ ಕೇಳುವುದು ಅಂತಲೂ ಹೇಳಿ."

ಶಿರ್ವ, ಹೂಡೆ, ಕಾಪು... ಇವತ್ತಿಗೆ ಮುನ್ನೂರ ಹನ್ನೆರಡು ಮನೆ ಆಯಿತು. ಮೂರು ಕಡೆ ನಾಯಿ ಬಿಟ್ಟರು.

ಒಂದು ಕಚ್ಚಿತು. ಉಳಿದೆರಡು ಮೂಸಿ ನೋಡಿ, ಅಸಹ್ಯಪಟ್ಟು ಹಿಂದೆ ಹೋದವು!