ಕಿರೀಟದ ಕೆಳಗೆ ಬಿಟ್ಟ ಜಾಗ

"ಮನಿಯಾಕಿ ಹೆಸರಿಲ್ಲದ ಬೋರ್ಡ್ ಎಂಥಾದ್ರೀ? ನಿಮ್ಮ ಹೆಸರೂ ಹಾಕೂಣು!"

"ನಿಮಗೆ ಯಾಕೆ ಅದೆಲ್ಲ? ಹೇಳಿದಷ್ಟು ಮಾಡಿ ಕೊಡಿ ಮಾರಾಯ್ರೆ!"

ಮುಂಬಯಿ ಪಕ್ಕದ ಡೊಂಬಿವಲಿಯ ಹಿತ್ತಾಳೆ ವರ್ಕ್‌ಶಾಪಿನಲ್ಲಿ ಗ್ರೈಂಡರ್ ಸದ್ದು ನಿಂತೇಹೋಯಿತು. ಕೆತ್ತನೆಗಾರ ಕೈಲಾಸ ಕನ್ನಡಕ ಹಣೆಗೇರಿಸಿ ಅವಳನ್ನು ನೋಡಿದ. ಅವಳ ಕಣ್ಣುಗಳು ಕೆಂಪಗಿದ್ದವು. ಅತ್ತಿದ್ದಾಳೋ, ಲೋಹದ ಧೂಳೋ... ಪಾಪ, ಅವನಿಗೇನು ಗೊತ್ತು!

ಅತ್ತಿದ್ದೇ ಕಣ್ರೀ. ಆಟೋ ಹತ್ತಿದಾಗಿನಿಂದ ಅತ್ತಿದ್ದಳು ನಿಕಿತಾ. ಕೈಯಲ್ಲಿದ್ದದ್ದು ಅಣ್ಣ ರಂಜನ್ ಯಕ್ಷಗಾನದ ಕಿರೀಟ ತೊಟ್ಟು ನಗುತ್ತಿದ್ದ ಫೋಟೋ. ಅಪ್ಪ ಅಮ್ಮ ಮೊದಲೇ ಇಲ್ಲ. ಎರಡು ವರ್ಷದ ಹಿಂದೆ ಜ್ವರದಲ್ಲಿ ಅಣ್ಣನೂ ಹೋಗಿಬಿಟ್ಟ. ಹಳೇ ಮನೆಯಲ್ಲಿರಲಾರದೆ ಅವಳು ಪಕ್ಕದ ಠಾಕುರ್ಲಿಗೆ ಹೊಸದಾಗಿ ಬಂದಿದ್ದಳು. ಬೆಳಿಗ್ಗೆ ಬೇಲಾಪುರದ ಆಫೀಸು, ಸಂಜೆ ಖಾಲಿ ಮನೆ.

ಒಬ್ಬಳೇ ಇದ್ದಾಳೆಂದು ಯಾರಿಗೂ ಗೊತ್ತಾಗಬಾರದು! ಅದಕ್ಕೇ ಬಾಗಿಲ ಮುಂದೆ ಅಣ್ಣನ ಶೂ. ಪಾರ್ಸೆಲ್ ತಂದವರಿಗೆ "ಅವರು ಸ್ನಾನಕ್ಕೆ ಹೋಗಿದ್ದಾರೆ" ಎಂಬ ಉತ್ತರ. ಈಗ ಬಾಗಿಲಿಗೆ ಹಿತ್ತಾಳೆಯ ನಾಮಫಲಕ ಬೇಕಿತ್ತು. ಅಣ್ಣನ ಕಿರೀಟದ್ದೇ ಆಕಾರ, ಅವನದೊಬ್ಬನದೇ ಹೆಸರು.

ಕೈಲಾಸ ಫೋಟೋ ತಿರುಗಿಸಿ ನೋಡಿದ. "ಯಜಮಾನ್ರೇನ್ರೀ?"

"ಹೂಂ."

ರೂಢಿಯ ಸುಳ್ಳು, ಬಾಯಿಂದ ಜಾರಿಯೇಬಿಟ್ಟಿತು.

ಕಿರೀಟದ ಕೆಲಸ ಅವನಿಗೆ ಹೊಸದು. ಪ್ರತಿ ಶನಿವಾರ ಅವಳು ಬಂದು ಇಲ್ಲಿ ಮಣಿಸಾಲು, ಇಲ್ಲಿ ನವಿಲುಗರಿ ಎಂದು ತೋರಿಸುತ್ತಿದ್ದಳು. ಅವನು ಉಳಿ ಹಿಡಿದು ಕೆತ್ತುತ್ತಿದ್ದ.

"ಹಿತ್ತಾಳಿ ಒಂದೇ ಸವನ ಬಡಿದ್ರ ಬಿರುಕು ಬಿಡ್ತೈತ್ರಿ. ನಡುನಡುವ ಕಾಸಿ ಮೆತ್ತಗ ಮಾಡಬೇಕು."

"ಮನುಷ್ಯರಿಗೂ ಹಾಗೆ ಏನಾದ್ರೂ ಉಂಟಾ?"

"ಐತಲ್ರೀ... ಚಾ!"

ಅವಳು ನಕ್ಕಳು. ಎರಡು ವರ್ಷದ ಮೇಲೆ ಮೊದಲ ಸಲ ನಕ್ಕಳು! ಗ್ಲಾಸು ಕೊಡುವಾಗ ಬೆರಳು ತಾಗಿತು. ಅವನು ಬೆಂಕಿ ಮುಟ್ಟಿದವನಂತೆ ಕೈ ಹಿಂದೆಗೆದುಕೊಂಡ.

"ನಿಮ್ಮ ಯಜಮಾನ್ರು ಪುಣ್ಯವಂತರು ಬಿಡ್ರಿ," ಎಂದವನು ಆಮೇಲೆ ತಲೆ ಎತ್ತಲೇ ಇಲ್ಲ. ಮುಂದಿನ ಶನಿವಾರಗಳಲ್ಲಿ ಎರಡೇ ಮಾತು: "ನೋಡ್ರಿ", "ಆತು".

'ಹೇಳೇ ನಿಕಿತಾ... ಅಣ್ಣ ಅಂತ ಹೇಳಿಬಿಡು!' ಎಂದುಕೊಳ್ಳುತ್ತಿದ್ದಳು. ಮರುಕ್ಷಣವೇ, 'ಹೇಳಿದರೆ ಒಬ್ಬಳೇ ಇರುವುದು ಗೊತ್ತಾಗುತ್ತದಲ್ಲ... ಯಾರನ್ನು ನಂಬುವುದು?' ಎಷ್ಟು ಸಲ ಬಾಯಿ ತೆರೆದಳೋ, ಅಷ್ಟೂ ಸಲ ಮುಚ್ಚಿದಳು.

ಮೋಡ ಕವಿದ ಒಂದು ಭಾನುವಾರ ಮಧ್ಯಾಹ್ನ ಅವನು ಫಲಕ ಕೂರಿಸಲು ಬಂದ. ಕೊನೆಯ ಸ್ಕ್ರೂ ತಿರುಗಿಸುತ್ತಾ ಹೇಳಿದ:

"ನಾಳೆ ಬಾಗಲಕೋಟಿಗೆ ಹೊಂಟೀನ್ರಿ. ಅವ್ವ ಹೆಣ್ಣು ನೋಡ್ಯಾಳ. ಹೂಂ ಅಂದು ಬರಾಂವ."

ನಿಕಿತಾ ಬಾಗಿಲ ಚೌಕಟ್ಟು ಗಟ್ಟಿಯಾಗಿ ಹಿಡಿದುಕೊಂಡಳು.

"ಸಾಹೇಬ್ರನ್ನ ಕರೀರಿ. ಒಮ್ಮೆ ನೋಡಿಬಿಡ್ಲಿ."

"ಅವರು... ಸ್ನಾನಕ್ಕೆ..."

ಕೈಲಾಸ ಬಗ್ಗಿ ಸಾಮಾನು ಎತ್ತಿಕೊಂಡ. ಪಕ್ಕದಲ್ಲೇ ಆ ಶೂ. ಒಳಗೆ ಜೇಡರ ಬಲೆ! ಅವನು ಅದನ್ನು ನೋಡಿದ, ಅವಳನ್ನು ನೋಡಿದ. ಚೀಲ ಹೆಗಲಿಗೇರಿಸಿ ಮೆಟ್ಟಿಲ ಕಡೆ ತಿರುಗಿದ.

ಒಂದು ಮೆಟ್ಟಿಲು... ಎರಡು...

"ಈ ಮನೆಯಲ್ಲಿ ನಾನೊಬ್ಳೇ ಇರುದು!"

ಎರಡು ವರ್ಷದಿಂದ ಯಾರಿಗೂ ಹೇಳದ ಮಾತು.

"ರಂಜನ್ ನನ್ನ ಅಣ್ಣ. ಹೋಗಿ ಎರಡು ವರ್ಷ ಆಯ್ತು. ಸುಳ್ಳು ಹೇಳಿದ್ದು ನಾನು... ಹೆದರಿಕೆಗೆ. ಈಗಲೂ ಹೆದರಿಕೆ ಉಂಟು. ಆದ್ರೆ ನೀವು ಹೀಗೆ ಇಳಿದು ಹೋಗ್ತೀರಲ್ಲ, ಅದರದ್ದು ಜಾಸ್ತಿ ಹೆದರಿಕೆ!"

ಕೈಲಾಸ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ತೋಳಿನಿಂದ ಕಣ್ಣೊರೆಸಿಕೊಂಡ. ಆಮೇಲೆ ಮೇಲೆ ಬಂದ, ಹೊಸ್ತಿಲು ಮಾತ್ರ ದಾಟಲಿಲ್ಲ. ಪಾಲಿಶ್ ಬಟ್ಟೆಯಿಂದ ರಂಜನ್‌ನ ಶೂ ಒರೆಸಿ, ಜೋಡಿಸಿ ಇಟ್ಟ. ನಿಕಿತಾ ಬಿಕ್ಕಿ ಬಿಕ್ಕಿ ಅತ್ತಳು.

"ಕಿರೀಟದ ಕೆಳಗ ಜಾಗ ಬಿಟ್ಟೀನ್ರಿ. ಮೊದಲನೇ ದಿನಾನ ಬಿಟ್ಟೀನಿ."

ಅವಳು ಈಗ ನೋಡಿದಳು. ಅಣ್ಣನ ಹೆಸರಿನ ಕೆಳಗೆ ಬರಿದಾದ ಒಂದು ಪಟ್ಟಿ.

"ನನ್ನ ಹೆಸರು ಹಾಕ್ತೀರಾ?"

"ಹಾಕ್ತೀನಿ. ಅಣ್ಣಾರ ಹೆಸರು ಮ್ಯಾಲೇ ಇರ್ಲಿ."

"ಮತ್ತೆ... ಬಾಗಲಕೋಟೆ?"

"ಅವ್ವಗ ಈಗ ಫೋನ್ ಹಚ್ಚತೀನಿ." ದನಿ ತಗ್ಗಿಸಿ ಹೇಳಿದ: "ಒಬ್ಬಾಕಿನ ಇರ್ತೀನಿ ಅಂತ ಮತ್ಯಾರಿಗೂ ಹೇಳಬ್ಯಾಡ್ರಿ."

"ನಿಮಗೊಬ್ಬರಿಗೇ ಹೇಳಿದ್ದು ಮಾರಾಯ್ರೆ..."