ಆಲದ ಬೇರಿನ ಮೇಲೆ ಬಿಟ್ಟ ಎಂಜಲು

"ಅಳಿಯಂದ್ರೇ, ಏನು ತಿಂದ್ರೂ ಪೂರ್ತಿ ತಿನ್ನಿ. ಉಳಿದ್ರೆ ವಾಪಸ್ ತನ್ನಿ. ಕಾಡಲ್ಲಿ ಎಂಜಲು ಮಾತ್ರ ಬಿಡಬೇಡಿ."

ಮಾವ ಬೊಂಗ್‌ಮಲ್ ಮತ್ತೆ ಅದೇ ಪಾಠ ಶುರು ಮಾಡಿದಾಗ ಕಾಲ್ಸೌಗೆ ನಗು ತಡೆಯಲಾಗಲಿಲ್ಲ. "ಯಾಕೆ ಮಾವ, ನಿಮ್ಮೂರ ಹಂದಿಗಳಿಗೆ ಹೊಟ್ಟೆ ಕೆಡುತ್ತಾ?"

"ಮಾಟದೋರ ಕೈಗೆ ಸಿಕ್ರೆ ಬೆಂಕಿ ಮೇಲೆ ತೂಗುಹಾಕ್ತಾರೆ. ಅದು ಒಣಗಿದ ಹಾಗೆ ತಿಂದೋರೂ ಒಣಗ್ತಾರೆ. ಕಿತ್ತು ತಂದು ನೀರಿಗೆ ಹಾಕಿದ್ರೆ ಮಾತ್ರ ಉಳಿಯೋದು."

ಕಾಲ್ಸೌ ರಾಜಧಾನಿ ವಿಲಾದ ಬಂದರಿನಲ್ಲಿ ದೋಣಿ ಮೆಕ್ಯಾನಿಕ್. ಹೆಂಡತಿಯ ತವರಾದ ಅಂಬ್ರಿಮ್ ದ್ವೀಪಕ್ಕೆ ಬಂದದ್ದು ಇದೇ ಮೊದಲು. ಜ್ವಾಲಾಮುಖಿಯ ಬಾಯಿಯವರೆಗೆ ಒಬ್ಬನೇ ಹೋಗಿಬಂದು ಈ ಊರಿನವರ ಬಾಯಿ ಮುಚ್ಚಿಸಬೇಕೆಂಬ ಹಟ ಅವನಿಗೆ. ತುಂಬು ಬಸುರಿ ಹೆಂಡತಿ ಸೆರಾಫಿನ್ ತುರಿದ ಗೆಡ್ಡೆಯ ಕಡುಬಾದ ಲಪ್ಲಪ್ ಬೇಯಿಸಿದಳು. ವಿಷವಿಲ್ಲವೆಂದು ತೋರಿಸಲು ಅಲ್ಲಿನ ಹೆಂಗಸರು ಮಾಡುವಂತೆ ಮೊದಲು ತಾನೊಂದು ಕಡೆ ಕಚ್ಚಿ, ಉಳಿದದ್ದನ್ನು ಎಲೆಯಲ್ಲಿ ಸುತ್ತಿಕೊಟ್ಟಳು.

"ಬೇಗ ಬಾ. ಅಲ್ಲಿ ನಿನ್ನ ವಿಲಾ ಜಂಬ ತೋರಿಸ್ಬೇಡ."

ಅವನು ಅದನ್ನೇ ತೋರಿಸಿದ. ಕೊಳೆತ ಎಲೆಗಳ ವಾಸನೆಯ ಕಾಡಿನಲ್ಲಿ, ಹಗಲೂ ಕತ್ತಲಾಗಿದ್ದ ಆಲದ ಕೆಳಗೆ ಕುಳಿತು ಅರ್ಧ ತಿಂದ. ಉಳಿದರ್ಧವನ್ನು ಬೇಕೆಂದೇ ಬೇರಿನ ಮೇಲಿಟ್ಟ. "ತಗೊಳ್ರಪ್ಪ ಮಾಟದೋರೇ, ಊಟ ಮಾಡಿ!"

ಹಕ್ಕಿಗಳ ಕೂಗು ನಿಂತಿತು. ಹತ್ತು ಹೆಜ್ಜೆ ಹೋಗಿರಬೇಕು, ಹಿಂದೆ ಯಾರೋ ಎಲೆ ಮಡಿಚಿದ ಸದ್ದು. ತಿರುಗಿ ನೋಡಿದರೆ ಬೇರು ಬರಿದಾಗಿತ್ತು. ಹಂದಿ ಇರಬೇಕು ಅಂದುಕೊಂಡ. ಹಂದಿ ಎಲೆ ಮಡಿಚುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಆದರೆ ವಾಪಸಾದರೆ ಮಾವನೆದುರು ಮುಖ ತೋರಿಸುವುದು ಹೇಗೆ?

ಕಾಡು ಮುಗಿದು ಕಪ್ಪು ಬೂದಿಯ ಬಯಲು ಬಂತು. ಗಂಧಕದ ಹೊಗೆಗೆ ಗಂಟಲು ಉರಿಯಿತು. ಕುಳಿಯ ಅಂಚಿನಲ್ಲಿ ನಿಂತು ಬಗ್ಗಿದ. ಆಳದಲ್ಲಿ ಕೆಂಪು ಕುದಿಯುತ್ತಿತ್ತು. ತುಸು ಕೆಳಗೆ, ಬಂಡೆಗೆ ಸಿಕ್ಕಿಸಿದ ಕೋಲಿನಿಂದ ಅವನ ಲಪ್ಲಪ್ ತೂಗಾಡುತ್ತಿತ್ತು.

ಮೈ ಮುಟ್ಟಿ ನೋಡಿಕೊಂಡ. ಜ್ವರವಿಲ್ಲ, ನೋವಿಲ್ಲ. "ನೋಡಿದ್ರಾ? ನಂಗೇನೂ ಆಗಿಲ್ಲ!" ಎಂದು ಕೂಗಿ ನಕ್ಕ.

ಆಗ ಕಣ್ಣಿಗೆ ಬಿತ್ತು. ಬೆಂಕಿಯ ಕಡೆ ತಿರುಗಿಸಿ ಕಟ್ಟಿದ್ದು ಅವನು ಕಚ್ಚಿದ ಬದಿಯನ್ನಲ್ಲ. ಚಿಕ್ಕ ಹಲ್ಲುಗಳ ಗುರುತು. ಸೆರಾಫಿನ್ ಕಚ್ಚಿದ ಬದಿ. ಅದು ಕಪ್ಪಾಗುತ್ತಿತ್ತು.

ಇಳಿದ. ಬೂದಿ ಜಾರಿತು. ಬೂಟು ಸುಟ್ಟಿತು. ಉಸಿರು ಕಟ್ಟಿತು. ಇನ್ನೊಂದೇ ಮೊಳ. ಕೈ ಚಾಚಿದ. ಕಾಲ ಕೆಳಗಿನ ಕಲ್ಲು ಕಳಚಿತು. ಕೆಂಪಿಗೆ ಬಿತ್ತು. ಸದ್ದೂ ಬರಲಿಲ್ಲ. ಅವನ ಧೈರ್ಯ ಅಲ್ಲಿಗೆ ಮುಗಿಯಿತು. ತೆವಳಿ ಮೇಲೆ ಬಂದ. ಓಡಿದ.

ಸಂಜೆ ಊರು ಮುಟ್ಟಿದಾಗ ಹೆಂಗಸರು ಸೆರಾಫಿನ್‌ಳ ಮೈಮೇಲೆ ಸಮುದ್ರದ ನೀರು ಸುರಿಯುತ್ತಿದ್ದರು. ಸುರಿದ ನೀರು ಅಲ್ಲಲ್ಲೇ ಆರಿ ಉಪ್ಪು ಉಳಿಯುತ್ತಿತ್ತು. ಬೊಂಗ್‌ಮಲ್ ಅಳಿಯನ ಖಾಲಿ ಕೈಗಳನ್ನು ನೋಡಿ ಎದ್ದು ಹೊರಗೆ ಹೋದ.

ಸೆರಾಫಿನ್‌ಳ ಒಡೆದ ತುಟಿಗಳು ಅಲುಗಿದವು. "ಸಿಕ್ತಾ?"

"ಸಿಕ್ತು," ಅಂದ ಕಾಲ್ಸೌ. "ನೀರಿಗೆ ಹಾಕಿದೀನಿ."

ಅವಳು ನಂಬಿದಳು. ಅವನ ಕೈ ಎಳೆದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. "ಹಾಗಾದ್ರೆ ಇವನಿಗೇನೂ ಆಗಲ್ಲ, ಅಲ್ವಾ?"

ಹೊಟ್ಟೆ ಒಲೆಯ ಕಲ್ಲಿನಂತೆ ಸುಡುತ್ತಿತ್ತು. ಒಳಗೆ ಏನೂ ಅಲುಗಲಿಲ್ಲ.